ಕೆಪ್ಪ ಜೋಗಕ್ಕೆ ಕಿವಿಗೊಡಿ

(ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ, ಅಡಿಕೆ ಒಣಗಿಸುವ ಅಂಗಳವೊಂದರಲ್ಲಿ ಬಿಡಾರ ಹೂಡಿದ್ದ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಯುವಕ ಯುವತಿಯರ ಎದುರು ಆಡಿದ ಮಾತುಗಳ ಬರಹ ರೂಪ. ಮಾತು ಅವರಿಗೆಷ್ಟೋ ಓದುವ ನಿಮಗೂ ಅಷ್ಟೇ.)



ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಇಷ್ಟು ದೂರ ಬಂದಿದ್ದೀರಿ. ಸಂತೋಷ. ನಿಮ್ಮ ಬೆನ್ನ ಚೀಲಗಳನ್ನು ನೋಡಿದೆ. ಡೇರೆ ಇದೆ, ಮಲಗುವ ಚೀಲ ಇದೆ, ಹಣೆಗೆ ಕಟ್ಟುವ ಬ್ಯಾಟರಿ ಇದೆ, ಎರಡು ನಿಮಿಷದಲ್ಲಿ ಬೇಯುವ ಶಾವಿಗೆಯ ಪೊಟ್ಟಣ ಇದೆ. ಅಂಗಡಿಯಲ್ಲಿ ಸಿಗುವುದೆಲ್ಲ ಇದೆ. ಅಂಗಡಿಯಲ್ಲಿ ಸಿಗದ ಒಂದು ಸಾಮಾನು ಮಾತ್ರ ಹೆಚ್ಚಿನವರ ಹತ್ತಿರ ಇಲ್ಲ. ಅದು ಈ ಕಾಡಿನ ಮಾತು.

ಅಯ್ಯೋ, ಕನ್ನಡ ಬರುತ್ತದಲ್ಲ ಎನ್ನುತ್ತೀರಿ. ಬರುತ್ತದೆ. ಆದರೆ 'ಜಡ್ಡಿ' ಎಂದರೆ ಏನು? 'ಧರೆ' ಎಂದರೆ? 'ದರಕು'? 'ಸಂಕ'? 'ಉಣುಗು'? ನಗಬೇಡಿ. ಇವು ಪರೀಕ್ಷೆಯ ಪ್ರಶ್ನೆಗಳಲ್ಲ. ಈ ಐದು ಪದ ಗೊತ್ತಿಲ್ಲದೆ ಈ ಕಾಡಿನಲ್ಲಿ ಎರಡು ರಾತ್ರಿ ಕಳೆಯುವವನು ಅದೃಷ್ಟವನ್ನು ನಂಬಿ ಮಲಗಿದ್ದಾನೆ ಎಂದೇ ಅರ್ಥ. ಇವತ್ತು ನಾನು ಹೇಳಬೇಕಾದ್ದು ಇಷ್ಟೆ. ಕಾಡಿಗೆ ಬನ್ನಿ, ನಡೆಯಿರಿ, ಬಿಡಾರ ಹೂಡಿ. ಬರುವಾಗ ಇಲ್ಲಿಯ ಜನ ಈ ನೆಲಕ್ಕೆ ಇಟ್ಟ ಹೆಸರುಗಳನ್ನು ಕಲಿತುಕೊಂಡು ಬನ್ನಿ. ಎಲ್ಲಿ ಅಪಾಯ, ಎಲ್ಲಿ ನೀರು, ಯಾವುದು ಯಾರ ಜಾಗ ಎಂಬುದೆಲ್ಲ ಆ ಹೆಸರುಗಳಲ್ಲೇ ಬರೆದಿದೆ.

ಯಾರು ಕಂಡುಹಿಡಿದರು?

ನಾಳೆ ನೀವು ಹೆಗ್ಗರಣೆ ದಾಟಿ ಉಂಚಳ್ಳಿ ಜಲಪಾತಕ್ಕೆ ಹೋಗುವವರಿದ್ದೀರಿ. ಅಘನಾಶಿನಿ ಹೊಳೆ ಅಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ಪ್ರವಾಸಿ ಪುಸ್ತಕಗಳಲ್ಲಿ ಅದಕ್ಕೆ ಇನ್ನೊಂದು ಹೆಸರಿದೆ: ಲಷಿಂಗ್ಟನ್ ಫಾಲ್ಸ್. 1845ರಲ್ಲಿ ಜೆ.ಡಿ. ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ ಇದನ್ನು 'ಕಂಡುಹಿಡಿದ' ಎಂದು ಆ ಪುಸ್ತಕಗಳು ಹೇಳುತ್ತವೆ. ಸರಿ. ಹಾಗಾದರೆ 1844ರವರೆಗೆ ಸುತ್ತಲಿನ ಹಳ್ಳಿಯವರು ಕಣ್ಣು ಮುಚ್ಚಿಕೊಂಡಿದ್ದರೆ? ಅವರು ಇದನ್ನು ಕೆಪ್ಪ ಜೋಗ ಎಂದು ಕರೆಯುತ್ತಾ ಬಂದಿದ್ದಾರೆ. ಕೆಪ್ಪ ಎಂದರೆ ಕಿವುಡ. ಮಳೆಗಾಲದಲ್ಲಿ ಅದರ ಪಕ್ಕ ನಿಂತರೆ ಪಕ್ಕದವನು ಕೂಗಿದ್ದೂ ಕೇಳಿಸುವುದಿಲ್ಲ. ನೋಡಿದಿರಾ ಎರಡು ಹೆಸರಿನ ವ್ಯತ್ಯಾಸ? ಒಂದು ಹೆಸರು ಯಾರೋ ಒಬ್ಬ ಅಧಿಕಾರಿ ಬಂದು ಹೋದದ್ದನ್ನು ಹೇಳುತ್ತದೆ. ಇನ್ನೊಂದು, ಅಲ್ಲಿ ನಿಮ್ಮ ಕಿವಿ ಕೆಲಸ ಮಾಡುವುದಿಲ್ಲ, ಹಿಂದಿನಿಂದ ಕೂಗಿದ ಎಚ್ಚರಿಕೆ ನಿಮಗೆ ತಲುಪುವುದಿಲ್ಲ, ಆದ್ದರಿಂದ ಜೋಪಾನ ಎಂದು ಹೇಳುತ್ತದೆ.

ಈ ಭಾಗದಲ್ಲಿ ದೊಡ್ಡ ಧಾರೆಯನ್ನು ಜೋಗ ಎಂದೇ ಕರೆಯುವುದು ರೂಢಿ. ಕೆಪ್ಪ ಜೋಗ, ಬುರುಡೆ ಜೋಗ. ನಾವು ಪೇಟೆಯವರು 'ಜೋಗ್ ಫಾಲ್ಸ್' ಎನ್ನುತ್ತೇವೆ. ಜಲಪಾತ ಜಲಪಾತ ಎಂದು ಎರಡು ಸಲ ಹೇಳಿದ ಹಾಗೆ! ನಡು ಸೆಂಟರ್, ಗೇಟಿನ ಬಾಗಿಲು ಎನ್ನುವ ಜಾತಿಯದ್ದು ಇದು.

ಇನ್ನೊಂದು ಹೆಸರು ಕೇಳಿ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಹೆದ್ದಾರಿಯ ಪಕ್ಕ 'ಕಥಲೇಕನ್' ಎಂಬ ಊರಿದೆ ಎಂದು ನಿಮ್ಮ ಮೊಬೈಲಿನ ನಕ್ಷೆ ನೋಡಿ ಒಬ್ಬ ಹುಡುಗ ನನಗೆ ಹೇಳಿದ. ಅಂಥ ಊರು ಇಲ್ಲಿಲ್ಲ ತಮ್ಮಾ ಎಂದೆ. ಅದು ಕತ್ತಲೆಕಾನು. ಕಾನು ಎಂದರೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು. ನಡುಹಗಲಲ್ಲೂ ನೆಲಕ್ಕೆ ಬಿಸಿಲು ಬೀಳದ ಕಾನು ಕತ್ತಲೆಕಾನು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಇಂಗ್ಲಿಷಿನ ಹಾಗೆ ಓದಿದ್ದಕ್ಕೆ ಅರ್ಥವೂ ಹೋಯಿತು, ಕತ್ತಲೆಯೂ ಹೋಯಿತು.

ತಮಾಷೆ ಏನು ಗೊತ್ತೆ? ಅದೇ ಕಾಡಿನ ಒಂದು ಮರವನ್ನು 2000ನೇ ಇಸವಿಯಲ್ಲಿ ಸಸ್ಯವಿಜ್ಞಾನಿಗಳು ಹೊಸ ಪ್ರಭೇದವೆಂದು ಲೋಕಕ್ಕೆ ಪರಿಚಯಿಸಿದರು. ಗೇರು ಜಾತಿಗೆ ಹತ್ತಿರದ ಮರ. ಅದಕ್ಕೆ ಇಟ್ಟ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಲ್ಯಾಟಿನ್ ಹೆಸರಿನ ಒಳಗೆ ನಮ್ಮ ಕತ್ತಲೆಯೂ ಇದೆ, ನಮ್ಮ ಕಾನೂ ಇದೆ. ವಿಜ್ಞಾನಿ ಉಳಿಸಿಕೊಂಡ ಪದವನ್ನು ನಾವು ಬಾಯಲ್ಲಿ ಮುರಿಯುತ್ತಿದ್ದೇವೆ.

ಇಲ್ಲಿ ಕಾಡಿಗೆ ಹತ್ತು ಹೆಸರು

ನಿಮಗೆ ಎಲ್ಲವೂ 'ಜಂಗಲ್'. ಇಲ್ಲಿಯವರಿಗೆ ಒಂದೊಂದು ತುಂಡು ನೆಲಕ್ಕೂ ಬೇರೆ ಹೆಸರು, ಬೇರೆ ನಿಯಮ.

ಬೆಟ್ಟ ಎಂದರೆ ನಿಮಗೆ ನಂದಿಬೆಟ್ಟ, ಚಾಮುಂಡಿಬೆಟ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಬೆಟ್ಟ ಎಂದರೆ ಸೊಪ್ಪಿನಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ಉರುವಲು, ಗೊಬ್ಬರಕ್ಕೆ ಬೇಕಾದ ಒಣ ಎಲೆ ಒದಗಿಸುವ ಕಾಡು. ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸವಲತ್ತು ಉಂಟು. ಅಂದರೆ ಯಾರೂ ಇಲ್ಲದ ಕಾಡು ಎಂದು ನೀವು ಒಲೆ ಹೂಡಲು ಹೊರಟ ಜಾಗ ಒಂದು ಸಂಸಾರದ ಗೊಬ್ಬರದ ಕಣಜ. ಉದುರಿದ ಒಣ ಎಲೆಗೆ ಇಲ್ಲಿ ದರಕು ಎನ್ನುತ್ತಾರೆ. ಬೇಸಿಗೆಯಲ್ಲಿ ಅದನ್ನು ಗುಡಿಸಿ, ಹೊತ್ತು ತಂದು, ಕೊಟ್ಟಿಗೆಗೆ ಹಾಸುತ್ತಾರೆ. ನೀವು ಎಸೆದ ಒಂದು ಬೀಡಿಯ ತುಂಡಿಗೆ ಒಂದು ವರ್ಷದ ದರಕು ಬೂದಿಯಾಗಬಹುದು.

ಬೇಣ ಎಂದರೆ ಹುಲ್ಲುಗಾವಲು. ಡೇರೆ ಹೂಡಲು ಸಮತಟ್ಟು ಜಾಗ, ಚೆಂದ ಕಾಣುತ್ತದೆ. ಆದರೆ ಆ ಹುಲ್ಲು ಯಾರದೋ ದನದ ಮೇವು. ಒಂದು ಮಾತು ಕೇಳಿ ಹೂಡಿ. ಹಾಗೆ ಕೇಳಿದವರಿಗೆ ಇಲ್ಲ ಎಂದದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ಅಂಗಳಕ್ಕೇ ಬನ್ನಿ ಎನ್ನುತ್ತಾರೆ. ನೀವು ಈಗ ಕೂತಿರುವ ಅಂಗಳವೂ ಹಾಗೆ ಸಿಕ್ಕಿದ್ದೇ ತಾನೆ?

ಧರೆ ಎಂದರೆ ಗುಡ್ಡವನ್ನು ಕಡಿದಾಗ, ಇಲ್ಲವೆ ತಾನಾಗಿ ಕುಸಿದಾಗ ಗೋಡೆಯ ಹಾಗೆ ನಿಲ್ಲುವ ಮಣ್ಣು. ಧರೆಯ ಬುಡದಲ್ಲಿ ಗಾಳಿ ಕಡಿಮೆ ಎಂದು ಡೇರೆ ಹೂಡುತ್ತಾರೆ ಪೇಟೆಯವರು. ಹಳ್ಳಿಯವನು ಮಳೆಗಾಲದಲ್ಲಿ ಧರೆಯ ಬುಡದಲ್ಲಿ ಎಮ್ಮೆಯನ್ನೂ ಕಟ್ಟುವುದಿಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳೇ ಜಾರಿ ತೋಟ, ರಸ್ತೆ ಎಲ್ಲ ಹೋದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದು ಜೀವಗಳು ಹೋದವು. ಧರೆ ಎಂಬ ಪದ ಕೇಳಿದಾಗ ಇವು ನೆನಪಾಗಲಿ.

ಸಂಕ ಎಂದರೆ ಹಳ್ಳಕ್ಕೆ ಅಡ್ಡ ಹಾಕಿದ ಮರದ ಕಾಲುಸೇತುವೆ. ಎರಡು ಅಡಿಕೆ ದಬ್ಬೆ, ಒಂದು ಹಿಡಿಗಂಬ, ಅಷ್ಟೆ. ಅದು ಮಕ್ಕಳು ಶಾಲೆಗೆ ಹೋಗುವ ದಾರಿ. ಅದರ ಮೇಲೆ ಹತ್ತು ಜನ ನಿಂತು ಕುಣಿದು ಫೋಟೋ ತೆಗೆಸಿಕೊಳ್ಳುವವರು, ಸಂಕ ಮುರಿದ ಮೇಲೆ ಬಸ್ಸು ಹತ್ತಿ ಹೋಗುತ್ತಾರೆ. ಮರುದಿನ ಆ ಮಕ್ಕಳು ಎಲ್ಲಿ ದಾಟಬೇಕು?

ಕಡೆಯದು ಜಡ್ಡಿ. ಜವುಗು ನೆಲ. ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿ ಇದೆ. ಜಾಯಿಕಾಯಿಯ ಬಂಧುಗಳಾದ ಮರಗಳು ನೀರಿನಲ್ಲಿ ನಿಂತಿರುತ್ತವೆ. ಅವುಗಳ ಬೇರು ಮಡಿಸಿದ ಮೊಣಕಾಲಿನ ಹಾಗೆ ಕೆಸರಿನಿಂದ ಮೇಲೆದ್ದು ಉಸಿರಾಡುತ್ತದೆ. ಪಶ್ಚಿಮ ಘಟ್ಟದಲ್ಲಿ ಇಂಥ ಜಡ್ಡಿಗಳು ಉಳಿದಿರುವುದೇ ಬೆರಳೆಣಿಕೆಯ ಜಾಗಗಳಲ್ಲಿ. ಬೇಸಿಗೆಯಲ್ಲಿ ಕೆಳಗಿನ ಹಳ್ಳ ಬತ್ತದಂತೆ ನೀರು ಹಿಡಿದಿಡುವುದು ಇವೇ. ಆ ಬೇರಿನ ಮೇಲೆ ಬೂಟುಗಾಲಿಟ್ಟು ಹತ್ತುವುದೆಂದರೆ ಮರದ ಮೂಗನ್ನು ಮೆಟ್ಟಿದ ಹಾಗೆ.

ಹೊಳೆ ಮೊದಲೇ ಹೇಳುತ್ತದೆ

ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪತ್ರಿಕೆಯಲ್ಲಿ ಒಂದು ಸುದ್ದಿ ಬರುತ್ತದೆ. ಜಲಪಾತಕ್ಕೆ ಹೋದ ಹುಡುಗರು, ಈಜಲು ಇಳಿದವರು, ಜಾರಿದವರು. ಊರು ಬೇರೆ, ವಯಸ್ಸು ಹೆಚ್ಚು ಕಡಿಮೆ ನಿಮ್ಮದೇ. ಆ ತಾಯಂದಿರ ಮುಖ ನೋಡಲಾಗುವುದಿಲ್ಲ.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಶಿರಸಿಯ ಕಡೆ ಹುಟ್ಟಿ, ಘಟ್ಟ ಇಳಿದು, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವವರೆಗೆ ತನ್ನಿಚ್ಛೆಯಂತೆ ಹರಿಯುವ ಹೊಳೆ. ಅದು ನಮ್ಮ ಭಾಗ್ಯ. ಆದರೆ ಮೇಲೆ ಮಳೆಯಾದರೆ ನೀರನ್ನು ತಡೆದು ಬಿಡುವವರು ಯಾರೂ ಇಲ್ಲ. ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಹೊಳೆ ಏರಬಹುದು. ಏರುವ ಮೊದಲು ಅದು ಮೂರು ಸೂಚನೆ ಕೊಡುತ್ತದೆ. ತಿಳಿ ಇದ್ದ ನೀರು ಕೆಂಪಾಗುತ್ತದೆ. ದರಕು, ಕಡ್ಡಿ, ನೊರೆ ತೇಲಿ ಬರುತ್ತವೆ. ಸದ್ದು ಬದಲಾಗುತ್ತದೆ. ಹಳ್ಳಿಯ ಹೆಂಗಸರು ಬಟ್ಟೆ ಒಗೆಯುತ್ತಾ ಈ ಮೂರನ್ನೂ ಗಮನಿಸುತ್ತಿರುತ್ತಾರೆ. 'ಕೆಂಪು ನೀರು ಬಂತು' ಎಂದು ಒಬ್ಬಳು ಕೂಗಿದರೆ ಉಳಿದವರು ಬಟ್ಟೆ ಬಿಟ್ಟು ದಡಕ್ಕೆ ಬರುತ್ತಾರೆ. ನಿಮಗೆ ಯಾರಾದರೂ ಹಾಗೆ ಕೂಗಿದರೆ 'ಏನಂತೆ?' ಎಂದು ನಗುತ್ತಾ ನಿಲ್ಲಬೇಡಿ. ಮೊದಲು ದಡ ಹತ್ತಿ, ಆಮೇಲೆ ಕೇಳಿ.

ಕೆಪ್ಪ ಜೋಗವನ್ನು ಮೇಲಿನ ಕಟ್ಟೆಯಿಂದ ನೋಡಿ. ಕಟಕಟೆ ದಾಟಬೇಡಿ. ಬುಡಕ್ಕೆ ಇಳಿದರೇ ಗಂಡಸುತನ ಎಂಬ ಮಾತನ್ನು ಯಾರಾದರೂ ಆಡಿದರೆ, ಅವನ ಕಿವಿಯೂ ಕೆಪ್ಪ, ಬುದ್ಧಿಯೂ ಕೆಪ್ಪ ಎಂದು ತಿಳಿಯಿರಿ. ಹೊಳೆದಂಡೆಯ ಮರಳಿನ ಮೇಲೆ ಡೇರೆ ಬೇಡ. ಹಿಂದಿನ ಮಳೆಗಾಲದ ಕಸ ಗಿಡಗಳ ಮೇಲೆ ಎಷ್ಟು ಎತ್ತರದಲ್ಲಿ ಸಿಕ್ಕಿಕೊಂಡಿದೆ ನೋಡಿ. ಅದಕ್ಕಿಂತ ಮೇಲೆ ಮಲಗಿ.

ಉಂಬಳಕ್ಕೆ ಹೆದರಬೇಡಿ, ಉಣುಗಿಗೆ ಹೆದರಿ

ಮಳೆಗಾಲದಲ್ಲಿ ಉಂಬಳ ಹತ್ತುತ್ತದೆ. ಕಾಲಿಗೆ ಅಂಟಿದ್ದು ಗೊತ್ತಾದ ಕೂಡಲೇ ಹುಡುಗಿಯರಿಗಿಂತ ಜೋರಾಗಿ ಹುಡುಗರೇ ಕಿರುಚುತ್ತಾರೆ. ಉಪ್ಪೋ ಸುಣ್ಣವೋ ತಾಗಿಸಿದರೆ ಬಿಡುತ್ತದೆ. ಹನಿ ರಕ್ತ ಹೋಗುತ್ತದೆ, ನಾಲ್ಕು ದಿನ ತುರಿಸುತ್ತದೆ. ಅಷ್ಟೆ.

ಉಣುಗಿನ ಕಥೆ ಬೇರೆ. ನೀವು ಉಣ್ಣಿ ಎನ್ನುತ್ತೀರಲ್ಲ, ಅದೇ. ಮರಿ ಉಣುಗು ಸಾಸಿವೆಗಿಂತ ಚಿಕ್ಕದು. ಕಣ್ಣಿಗೆ ಬೀಳುವುದಿಲ್ಲ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮಂಗನ ಕಾಯಿಲೆ ಹರಡುವುದು ಇದರಿಂದ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಪತ್ತೆಯಾಯಿತು. ಲೋಕದ ವೈದ್ಯ ಪುಸ್ತಕಗಳಲ್ಲಿ ಇದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರು. 2024ರಲ್ಲಿ ಇದೇ ಸಿದ್ದಾಪುರ ತಾಲ್ಲೂಕಿನಲ್ಲಿ ಅದು ಜೀವ ತೆಗೆದುಕೊಂಡಿದೆ. ಮಂಗ ನಮಗೆ ಶತ್ರುವಲ್ಲ, ಅದೂ ನಮ್ಮಂತೆಯೇ ಸಾಯುತ್ತದೆ. ಸತ್ತ ಮಂಗನ ಮೈಯಿಂದ ಉಣುಗುಗಳು ಸುತ್ತಲಿನ ನೆಲಕ್ಕೆ ಹರಡುತ್ತವೆ.

ಆದ್ದರಿಂದ ಚೆನ್ನಾಗಿ ಕೇಳಿ. ನವೆಂಬರ್, ಡಿಸೆಂಬರಿನಿಂದ ಮೇ ತನಕ ಇದರ ಕಾಲ. ನಿಮ್ಮ ರಜೆಯ ಕಾಲವೂ ಅದೇ! ಕಾಡಿಗೆ ಹೊರಡುವ ಮೊದಲು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಇಲ್ಲವೆ ಆಶಾ ಕಾರ್ಯಕರ್ತೆಯನ್ನು ಕೇಳಿ: ಈ ಸಲ ಎಲ್ಲಿ ಮಂಗ ಸತ್ತಿದೆ, ಯಾವ ಕಾಡಿಗೆ ಹೋಗಬಾರದು? ಹೋಗಬೇಡಿ ಎಂದ ಕಡೆ ಹೋಗಬೇಡಿ. ಚಡ್ಡಿ ತೊಟ್ಟು ನಡೆಯಬೇಡಿ. ಉದ್ದ ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಹಂಚುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ದರಕಿನ ಮೇಲೆ ಕೂರಬೇಡಿ, ಮಲಗಬೇಡಿ. ಬಿಡಾರಕ್ಕೆ ಬಂದ ಮೇಲೆ ಬಿಸಿನೀರು, ಸೋಪಿನಲ್ಲಿ ಮೈ ತಿಕ್ಕಿ ತೊಳೆಯಿರಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಿ ಫೋಟೋ ತೆಗೆಯಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಎಲ್ಲಕ್ಕಿಂತ ಮುಖ್ಯ ಇದು. ರೋಗ ಕಾಣಿಸುವುದು ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ. ಅಷ್ಟು ಹೊತ್ತಿಗೆ ನೀವು ಬೆಂಗಳೂರಿನಲ್ಲಿರುತ್ತೀರಿ. ಇದ್ದಕ್ಕಿದ್ದಂತೆ ಜ್ವರ, ತಲೆಸಿಡಿತ, ಮೈ ಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ ಬಳಿ ಹೋಗಿ, ಅವರು ಕೇಳದಿದ್ದರೂ ನೀವೇ ಹೇಳಿ: ನಾನು ಸಿದ್ದಾಪುರದ ಕಾಡಿಗೆ ಹೋಗಿದ್ದೆ, ಅಲ್ಲಿ ಮಂಗನ ಕಾಯಿಲೆ ಇದೆ. ಈ ರೋಗಕ್ಕೆಂದೇ ಮಾಡಿದ ಔಷಧಿ ಇಲ್ಲ. ಬೇಗ ಗೊತ್ತಾಗಿ ಆಸ್ಪತ್ರೆಯ ಆರೈಕೆ ಸಿಕ್ಕರೆ ಹೆಚ್ಚಿನವರು ಉಳಿಯುತ್ತಾರೆ. ಈ ಒಂದು ವಾಕ್ಯ ನಿಮ್ಮನ್ನು ಉಳಿಸಬಹುದು. ಬರೆದಿಟ್ಟುಕೊಳ್ಳಿ.

ಸಿಂಗಳೀಕದ ಮನೆಗೆ ಬಂದ ಅತಿಥಿ

ಈ ಕಾಡಿನ ಯಜಮಾನ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಕಾಡಿನಲ್ಲಿ ಇದಿಲ್ಲ. ಘಟ್ಟದಲ್ಲೂ ಇದರ ನೆಲೆಯ ಉತ್ತರದ ತುದಿ ನಮ್ಮ ಈ ಭಾಗ. ಮರದಿಂದ ಮರಕ್ಕೆ ಹಾರುತ್ತಾ ಬಾಳುವ ಪ್ರಾಣಿ. ನೆಲಕ್ಕೆ ಇಳಿಯುವುದು ಅಪರೂಪ. ಮಧ್ಯೆ ಹತ್ತು ಮರ ಕಡಿದರೆ ಅದರ ದಾರಿ ಕಡಿದ ಹಾಗೆ. ಉಪ್ಪಾಗೆ ಹಣ್ಣು ಅದಕ್ಕೂ ಬೇಕು, ಒಣಗಿಸಿ ಮಾರುವ ಬಡವರಿಗೂ ಬೇಕು. ಇಬ್ಬರೂ ಹೇಗೋ ಹೊಂದಿಕೊಂಡು ಬಂದಿದ್ದಾರೆ. ಮಧ್ಯೆ ಚಿಪ್ಸ್ ಪೊಟ್ಟಣ ಹಿಡಿದ ನೀವು ಮೂರನೆಯವರಾಗಬೇಡಿ. ರಸ್ತೆಬದಿಯಲ್ಲಿ ತಿಂಡಿ ಎಸೆದರೆ ಅದು ಮರ ಬಿಟ್ಟು ನೆಲಕ್ಕೆ ಬರುವುದನ್ನು ಕಲಿಯುತ್ತದೆ. ಕಲಿತ ಮೇಲೆ ಲಾರಿಯ ಚಕ್ರಕ್ಕೆ ಸಿಗುತ್ತದೆ.

ಈ ಪ್ರಾಣಿಗಾಗಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಉಂಚಳ್ಳಿ, ಕತ್ತಲೆಕಾನು ಅದರಲ್ಲಿದ್ದವು. 2019ರಲ್ಲಿ ಅದನ್ನೂ ಶರಾವತಿ ಕಣಿವೆ ಅಭಯಾರಣ್ಯವನ್ನೂ ಕೂಡಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು. ಸುಮಾರು 930 ಚದರ ಕಿಲೋಮೀಟರ್. ಅಭಯಾರಣ್ಯ ಎಂದ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅಪ್ಪಣೆಯಿಲ್ಲದೆ ಒಳಹೊಕ್ಕು ಡೇರೆ ಹೂಡುವಂತಿಲ್ಲ. ಮೀಸಲು ಅರಣ್ಯದಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ, ಬೆಂಕಿ ಹಚ್ಚುವುದು ಅಪರಾಧ. ನಮ್ಮ ಕಾಡು, ನಮ್ಮ ಹಕ್ಕು ಎಂದು ಅರಣ್ಯ ರಕ್ಷಕನ ಹತ್ತಿರ ಜಗಳ ತೆಗೆಯಬೇಡಿ. ಅವನು ಒಂದು ಲಾಠಿ ಹಿಡಿದು ರಾತ್ರಿ ಹಗಲು ಮೈಲಿಗಟ್ಟಲೆ ಕಾಯುವ ಬಡ ಕನ್ನಡಿಗ.

ಅಪ್ಪಣೆ ಪಡೆದು ಬಿಡಾರ ಹೂಡುವ ಜಾಗಗಳು ಈ ಜಿಲ್ಲೆಯಲ್ಲೇ ಇವೆ. ದಾಂಡೇಲಿ ಹತ್ತಿರದ ಕುಳಗಿಯಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರ ಇದೆ. ಡೇರೆಯಲ್ಲಿ ಮಲಗಿ ಬೆಳಿಗ್ಗೆ ಹಕ್ಕಿ ನೋಡಬಹುದು. ಆ ಕಾಡಿನ ಇತಿಹಾಸವೂ ತಿಳಿದಿರಲಿ. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಮೀಸಲು ಪ್ರದೇಶ, 2015ರ ಕೊನೆಗೆ ಹೊಳೆಯ ಹೆಸರಲ್ಲಿ ಕಾಳಿ. ನೋಡಿ, ಹೊಳೆಯ ಹೆಸರು ಇಟ್ಟ ಮೇಲೆ ಕಾಡು ಯಾರಿಂದ ಬದುಕಿದೆ ಎಂಬುದು ತಾನಾಗಿ ತಿಳಿಯುತ್ತದೆ.

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಗೇ ಸಾವಿರಾರು ಜನ ನುಗ್ಗಿದರು. ಸರಕಾರ ಚಾರಣಗಳಿಗೆ ತಡೆ ಹಾಕಿತು. ಆಮೇಲೆ 'ಅರಣ್ಯ ವಿಹಾರ' ಎಂಬ ಜಾಲತಾಣ ಮಾಡಿ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ತಂದಿತು. ನಿರ್ಬಂಧ ಬಂದದ್ದು ಯಾರಿಂದ? ನಮ್ಮಿಂದಲೇ. ಹಿಂದೆ ಈ ಕಡೆ ಒಂದು ಗಾದೆ ಇತ್ತು: ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ. ಯಾಣದ 120 ಮೀಟರ್ ಎತ್ತರದ ಕಪ್ಪು ಬಂಡೆ ನೋಡಲು ಕಾಡಿನಲ್ಲಿ ಮೈಲಿಗಟ್ಟಲೆ ನಡೆಯುವ ಸೊಕ್ಕು ಬೇಕಿತ್ತು. 1990ರ ದಶಕದಲ್ಲಿ 'ನಮ್ಮೂರ ಮಂದಾರ ಹೂವೇ' ಚಿತ್ರದಲ್ಲಿ ಆ ಬಂಡೆಗಳನ್ನು ನಾಡೆಲ್ಲ ನೋಡಿತು. ರಸ್ತೆ ಬಂತು. ಈಗ ಸೊಕ್ಕೂ ರೊಕ್ಕವೂ ಒಂದೇ ಕಾರಿನಲ್ಲಿ ಬಂದು ಇಳಿಯುತ್ತವೆ, ಜೊತೆಗೆ ಬಾಟಲಿ. ಒಡೆದ ಗಾಜು ಮೆಟ್ಟುವುದು ಬೆಳಿಗ್ಗೆ ಬರಿಗಾಲಲ್ಲಿ ದನ ಹೊಡೆದುಕೊಂಡು ಬರುವ ಅಜ್ಜಿ.

ದಾರಿ ತೋರಿಸುವವರು

ನಿಮಗೆ ಒಂದು ಸಲಹೆ. ಪೇಟೆಯಲ್ಲಿ ಕೂತು ಚಾರಣ ಮಾರುವ ಕಂಪನಿಗೆ ಸಾವಿರಗಟ್ಟಲೆ ಕೊಟ್ಟು ಬರುತ್ತೀರಿ. ಆ ಹಣದಲ್ಲಿ ಈ ಊರಿಗೆ ಎಷ್ಟು ಬಂತು ಎಂದು ಒಮ್ಮೆ ಕೇಳಿ ನೋಡಿ. ಈ ಊರಿನ ಹುಡುಗ ಪದವಿ ಮುಗಿಸಿ ಕೆಲಸ ಹುಡುಕಿ ನಿಮ್ಮ ಬೆಂಗಳೂರಿಗೆ ಬಸ್ಸು ಹತ್ತುತ್ತಾನೆ. ಅವನಿಗೆ ಗೊತ್ತಿರುವ ನೂರು ಗಿಡದ ಹೆಸರು, ಇಪ್ಪತ್ತು ಹಕ್ಕಿಯ ಕೂಗು ಅವನ ಜೊತೆಗೇ ಹೋಗುತ್ತದೆ. ಅಲ್ಲಿ ಅದಕ್ಕೆ ಬೆಲೆಯಿಲ್ಲ. ನೀವು ಇಲ್ಲಿಗೆ ಬಂದಾಗ ಊರಿನವನನ್ನೇ ದಾರಿ ತೋರಿಸಲು ಕರೆದುಕೊಳ್ಳಿ, ಊರಿನ ಮನೆಯಲ್ಲೇ ಊಟಕ್ಕೆ ಹೇಳಿ. ಕೊಡುವುದನ್ನು ಚೌಕಾಸಿ ಮಾಡದೆ ಕೊಡಿ. ಆಗ ಆ ಹೆಸರುಗಳಿಗೆ ಇಲ್ಲೇ ಒಂದು ಸಂಬಳ ಹುಟ್ಟುತ್ತದೆ. ಭಾಷೆ ಉಳಿಯುವುದು ಹೀಗೆ, ಅನ್ನದ ಜೊತೆ.

ಮಾತಾಡಿಸುವುದೂ ಕಲಿಯಿರಿ. ಹಿರಿಯರಿಗೆ ಅಜ್ಜ, ಅಜ್ಜಿ ಎನ್ನಿ. ಹೆಗಡೇರೇ, ನಾಯ್ಕರೇ, ಗೌಡ್ರೇ ಎಂದರೆ ಮುಖ ಅರಳುತ್ತದೆ. 'ಹಲೋ ಬಾಸ್' ಬೇಡ. ಜಗುಲಿ ಹತ್ತಿದ ಕೂಡಲೇ 'ಆಸರಿಗೆ ಎಂತ ಬೇಕು' ಎಂದು ಕೇಳುತ್ತಾರೆ. ಬಾಯಾರಿಕೆಗೆ ಏನು ಕುಡಿಯುತ್ತೀರಿ ಎಂದು ಅರ್ಥ. ಮಜ್ಜಿಗೆ ಎನ್ನಿ, ಪಾನಕ ಎನ್ನಿ. ಊಟಕ್ಕೆ ಅಪ್ಪೆಹುಳಿ, ತಂಬುಳಿ ಹಾಕಿದರೆ ಬೇಡ ಎನ್ನದೆ ಕುಡಿಯಿರಿ. ಚಾರಣದ ದಣಿವಿಗೆ ಅದಕ್ಕಿಂತ ಒಳ್ಳೆಯ ಮದ್ದು ನಿಮ್ಮ ಚೀಲದಲ್ಲಿಲ್ಲ. ನಾಳೆ ಯಾವ ದಾರಿಯಲ್ಲಿ ಹೊರಟಿದ್ದೀರಿ, ಎಷ್ಟು ಹೊತ್ತಿಗೆ ತಿರುಗಿ ಬರುತ್ತೀರಿ ಎಂದು ಆ ಮನೆಯವರಿಗೆ ಹೇಳಿ ಹೊರಡಿ. ಇಲ್ಲಿ ಬಹಳ ಕಡೆ ಮೊಬೈಲಿಗೆ ಸಿಗ್ನಲ್ ಇಲ್ಲ. ಕತ್ತಲಾದರೂ ಬಾರದ ಮಕ್ಕಳನ್ನು ಹುಡುಕಲು ಸೂಡಿ ಹಿಡಿದು ಹೊರಡುವವರು ಅವರೇ.

ಹಾವು ಕಚ್ಚಿದರೂ ಅಷ್ಟೇ. ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿಸಿಕೊಂಡವನನ್ನು ಓಡಿಸದೆ, ಅಲುಗಾಡಿಸದೆ ಹೊತ್ತು, ಹತ್ತಿರದ ಮನೆಯವರ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಿರಿ.

ಮರ ಅಪ್ಪಿಕೊಂಡವರು ನಿಮ್ಮ ವಯಸ್ಸಿನವರು

ಇಷ್ಟೆಲ್ಲ ಕಷ್ಟ ಇದ್ದರೆ ಕಾಡಿಗೆ ಯಾಕೆ ಬರಬೇಕು, ಕಾಡನ್ನು ಅದರ ಪಾಡಿಗೆ ಬಿಟ್ಟರೆ ಒಳ್ಳೆಯದಲ್ಲವೆ ಎಂದು ನಿಮ್ಮಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಇದು: ಕಾಡನ್ನು ಅದರ ಪಾಡಿಗೆ ಬಿಡುವವರು ನೀವೊಬ್ಬರೇ ಆಗಿದ್ದರೆ ಬಿಡಬಹುದಿತ್ತು. ಬಿಡದವರು ಇದ್ದಾರೆ. ಆದ್ದರಿಂದ ನೋಡಿದವರೂ ಬೇಕು.

1983ರ ಸೆಪ್ಟೆಂಬರ್ 8. ಶಿರಸಿ ತಾಲ್ಲೂಕಿನ ಸಾಲ್ಕಣಿ ಹತ್ತಿರದ ಕಳಾಸೆ ಕಾಡಿಗೆ ಹಳ್ಳಿಯ ಗಂಡಸರು, ಹೆಂಗಸರು, ಮಕ್ಕಳು ನಡೆದು ಹೋದರು. ಕೊಡಲಿ ಬಿದ್ದಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರ ಹೆಸರು ಅದರೊಂದಿಗೆ ನಾಡಿಗೆ ಗೊತ್ತಾಯಿತು. ಆದರೆ ಅದರ ಹಿಂದೆ ಓಡಾಡಿದ್ದು ಹಳ್ಳಿಯ ಯುವಕ ಮಂಡಳಿಯ ಹುಡುಗರು. ಚಳವಳಿಗೆ ಇಟ್ಟ ಹೆಸರು ಯಾವ ಭಾಷೆಯದು? ಅಪ್ಪಿಕೋ! ಎರಡು ವರ್ಷದ ಮಗುವಿಗೂ ತಿಳಿಯುವ ಕನ್ನಡ. ಉಳಿಸು, ಬೆಳೆಸು, ಬಳಸು ಎಂಬ ಮೂರು ಪದದಲ್ಲಿ ಒಂದು ಅರಣ್ಯ ನೀತಿಯನ್ನೇ ಹೇಳಿದರು. ಅವರಿಗೆ ಆ ಮರಗಳ ಹೆಸರು ಗೊತ್ತಿತ್ತು, ಆ ಮರಗಳ ಬುಡದಿಂದ ಬರುವ ನೀರು ಗೊತ್ತಿತ್ತು. ಹೆಸರು ಗೊತ್ತಿಲ್ಲದ ಮರವನ್ನು ಯಾರೂ ಅಪ್ಪಿಕೊಳ್ಳುವುದಿಲ್ಲ.

ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಿರಿ. ಹಾಲಕ್ಕಿ ಸಮುದಾಯದ ಹೆಣ್ಣುಮಗಳು. ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗೆ ಸೇರಿ ದಶಕಗಟ್ಟಲೆ ಸಸಿ ಬೆಳೆಸಿದರು. ಯಾವ ಮರ ತಾಯಿಮರ, ಅದರ ಬೀಜ ಯಾವಾಗ ಆರಿಸಬೇಕು ಎಂಬುದು ಅವರ ನಾಲಿಗೆಯ ತುದಿಯಲ್ಲಿತ್ತು. 2021ರಲ್ಲಿ ಬರಿಗಾಲಲ್ಲೇ ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅವರ ತಲೆಯಲ್ಲಿದ್ದ ಪುಸ್ತಕ ಯಾವ ಗ್ರಂಥಾಲಯದಲ್ಲೂ ಇಲ್ಲ. ಅಂಥ ಅಜ್ಜಿಯರು ಈ ಘಟ್ಟದ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಪ್ರಶಸ್ತಿ ಬಂದಿಲ್ಲ, ಅಷ್ಟೆ. ನಿಮ್ಮ ಮೊಬೈಲಿನಲ್ಲಿ ಜಲಪಾತದ ನೂರನೆಯ ಚಿತ್ರ ತೆಗೆಯುವ ಬದಲು ಅಂಥ ಒಬ್ಬ ಅಜ್ಜಿಯ ಎದುರು ಕೂತು, ಅವರು ಹೇಳುವ ಗಿಡದ ಹೆಸರುಗಳನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ. ಮನೆಗೆ ಹೋಗಿ ಕನ್ನಡದಲ್ಲಿ ಬರೆದಿಡಿ.

ಇಂದು ಈ ಕಣಿವೆಗಳ ಮೇಲೆ ದೊಡ್ಡ ದೊಡ್ಡ ಯೋಜನೆಗಳ ಮಾತಿದೆ. ಶರಾವತಿಯ ಸಿಂಗಳೀಕ ಅಭಯಾರಣ್ಯದಲ್ಲೇ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ, ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆ. ಪೇಟೆಗೆ ವಿದ್ಯುತ್ ಬೇಕು, ಬಯಲುಸೀಮೆಗೆ ನೀರು ಬೇಕು, ಇಲ್ಲ ಎನ್ನುವವನಲ್ಲ ನಾನು. ಆದರೆ ಆ ವಿದ್ಯುತ್ತು ಉರಿಯುವ ಊರಿನಲ್ಲಿರುವವರು ನೀವು. ನಿಮ್ಮನ್ನು ಕೇಳಿದಾಗ ಜಡ್ಡಿ ಎಂದರೇನು, ಕಾನು ಎಂದರೇನು ಎಂದು ಗೊತ್ತಿದ್ದು ಉತ್ತರ ಹೇಳಿ. ವರದಿಯಲ್ಲಿ ಇಷ್ಟು ಹೆಕ್ಟೇರ್ ಅರಣ್ಯ ಎಂದು ಬರೆದಿರುತ್ತದೆ. ಹೆಕ್ಟೇರಿಗೆ ಹೆಸರಿಲ್ಲ. ಕತ್ತಲೆಕಾನಿಗೆ ಇದೆ.

ಕೊನೆಗೆ ನಾಳೆಯ ಕೆಲಸ. ಬೆಳಿಗ್ಗೆ ಏಳಕ್ಕೆ ಹೊರಡುತ್ತೇವೆ. ಪ್ಯಾಂಟು ಕಾಲುಚೀಲದೊಳಗೆ. ಒಬ್ಬೊಬ್ಬರ ಕೈಯಲ್ಲಿ ಒಂದು ಚೀಲ, ತಂದ ಪ್ಲಾಸ್ಟಿಕ್ಕೆಲ್ಲ ಅದರಲ್ಲೇ ತಿರುಗಿ ಬೆಂಗಳೂರಿಗೆ. ಪಾಟು, ಲೌಡ್‌ಸ್ಪೀಕರು ಇಲ್ಲೇ ಬಿಡಿ. ದಾರಿಯಲ್ಲಿ ಒಬ್ಬೊಬ್ಬರೂ ಹತ್ತು ಹೊಸ ಪದ ಕೇಳಿ ಕಲಿಯಬೇಕು. ರಾತ್ರಿ ಈ ಅಂಗಳದಲ್ಲಿ ಒಪ್ಪಿಸಬೇಕು. ಒಪ್ಪಿಸಿದವರಿಗೆ ಮಾತ್ರ ಅಪ್ಪೆಹುಳಿ!